ಅಪ್ಪ ಗೈಡ್ ನೋಡಲು ಹೋದದ್ದು

ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರುತ್ತೇನೆ ಎಂದಾಗ ಅಪ್ಪ ಮೊದಲು ಕೇಳಿದ್ದು, ‘ಅದಕ್ಕೆ ಯಾರನ್ನ ಕೇಳ್ಬೇಕು?’ ಎಂದು. ಪ್ರವೇಶ ಪರೀಕ್ಷೆ ಬರೆಯಬೇಕು, ಸಂದರ್ಶನಕ್ಕೆ ಹೋಗಬೇಕು, ಆಮೇಲೆ ಒಬ್ಬ ಗೈಡ್ ನನ್ನನ್ನು ಒಪ್ಪಿಕೊಳ್ಳಬೇಕು ಎಂದು ವಿವರಿಸಿದೆ. ಅವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

‘ಒಪ್ಕೋಬೇಕು ಅಂದ್ರೆ ನಾವು ಹೋಗಿ ಕೇಳ್ಬೇಕಲ್ಲವ್ವಾ. ಹೆಣ್ಣಿನ ಕಡೆಯೋರು ಮನ್ಯಾಗೆ ಕುಂತ್ರೆ ಆಗ್ತೈತೇನು?’

ನಮ್ಮೂರು ಸೊಕ್ಕೆಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯ ಮಾತುಕತೆ ನಡೆದರೂ ಅಪ್ಪನನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಮೊದಲು ಮಳೆ ಬೆಳೆ ವಿಚಾರಿಸುವುದು, ನೀರು ಕುಡಿಯುವುದು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವುದು ಅವನ ಕ್ರಮ. ಅವನದೊಂದು ಕಟ್ಟುನಿಟ್ಟೂ ಇತ್ತು. ಒಪ್ಪಿಗೆಯಾದರೆ ಎಲ್ಲರ ಎದುರಿಗೆ ಹೇಳಬಹುದು. ಒಲ್ಲೆ ಅನ್ನುವುದಾದರೆ ಹಿರಿಯರನ್ನು ಪಕ್ಕಕ್ಕೆ ಕರೆದು ಹೇಳಬೇಕು, ಹುಡುಗಿಯ ಕಿವಿಗೆ ಹಾಕಬಾರದು. ನನ್ನ ಅಕ್ಕನನ್ನು ನೋಡಲು ಬಂದ ಒಬ್ಬ ಮಹಾನುಭಾವ ಅವಳೇ ಮಾಡಿದ ಉಪ್ಪಿಟ್ಟು ತಿನ್ನುತ್ತಾ, ಅವಳ ಮುಂದೆಯೇ ‘ಬಣ್ಣ ಕಮ್ಮಿ’ ಎಂದಿದ್ದ. ಅಕ್ಕ ಎಷ್ಟೋ ದಿನ ಕನ್ನಡಿ ನೋಡಲಿಲ್ಲ. ಅಪ್ಪನ ಕಟ್ಟುನಿಟ್ಟು ಶುರುವಾದದ್ದು ಅವತ್ತಿನಿಂದ.

ಗೈಡ್ ಆಗಲಿ ಎಂದು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಮೇಡಂ ಬಸವಾಪಟ್ಟಣದವರು, ಭಾನುವಾರ ತಾಯಿಯನ್ನು ನೋಡಲು ಅಲ್ಲಿಗೆ ಬರುತ್ತಾರೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಒಂದು ಭಾನುವಾರ ಅಪ್ಪ ಬಿಳಿ ಅಂಗಿ ತೊಟ್ಟು, ಚಿಕ್ಕಪ್ಪನನ್ನು ಜೊತೆಗೆ ಕರೆದು, ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತು ಕೂಗಾಡಿದೆ.

‘ಲಂಚ ಅಂದ್ಕೋತಾರಪ್ಪ! ನನ್ನ ಮಾನ ಹೋಗ್ತೈತೆ!’

‘ಎಲೆ ಅಡಿಕೆ ಲಂಚ ಆಗಿದ್ರೆ ಜಗಳೂರು ತಾಲೂಕಿನಾಗೆ ಒಂದು ಮದುವೇನೂ ಆಗ್ತಿರ್ಲಿಲ್ಲ. ಸರಿ ಅತ್ಲಾಗೆ’ ಎಂದು ಚಪ್ಪಲಿ ಮೆಟ್ಟಿದ.

ಅಲ್ಲಿ ನಡೆದದ್ದನ್ನು ಚಿಕ್ಕಪ್ಪ ಹೇಳಿದ. ಮೇಡಂ ಚಹಾ ಕೊಟ್ಟರಂತೆ, ಚೀಲ ಮಾತ್ರ ಮುಟ್ಟಲಿಲ್ಲವಂತೆ. ‘ಪರೀಕ್ಷೆ ಚೆನ್ನಾಗಿ ಬರೀಲಿ. ಸಮಿತಿಯವರೆಲ್ಲ ಕೂತು ಆರಿಸ್ತಾರೆ, ನನ್ನೊಬ್ಬಳ ಕೈಲಿ ಏನೂ ಇಲ್ಲ’ ಎಂದರಂತೆ. ಹೊರಡುವಾಗ ಅಪ್ಪ ಚಿಕ್ಕಪ್ಪನನ್ನು ಮುಂದೆ ಕಳಿಸಿ, ಹೊಸ್ತಿಲಲ್ಲಿ ನಿಂತು ಮೇಡಂ ಹತ್ತಿರ ಏನೋ ಕೇಳಿದನಂತೆ. ಏನೆಂದು ಚಿಕ್ಕಪ್ಪನಿಗೂ ಹೇಳಲಿಲ್ಲ. ವಾಪಸ್ ಬರುವಾಗ ಇಬ್ಬರೂ ಬಸ್ಸಿನಲ್ಲಿ ಬಾಳೆಹಣ್ಣು ಖಾಲಿ ಮಾಡಿದ್ದರು. ನಾನು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ.

ಪರೀಕ್ಷೆ ಪಾಸಾಯಿತು. ಸಂದರ್ಶನದಲ್ಲಿ ನನ್ನ ವಿಷಯ ಹೇಳಿದೆ: ನಮ್ಮ ಕಡೆಯ ವಾರದ ಸಂತೆಗಳ ಇತಿಹಾಸ. ಸಮಿತಿಯ ಒಬ್ಬರು, ‘ಸಂತೆಯಲ್ಲಿ ಸಂಶೋಧನೆ ಮಾಡೋದೇನಿದೆಯಮ್ಮ, ತರಕಾರಿ ತರೋದು ಬಿಟ್ಟು?’ ಎಂದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಆಮೇಲೆ ಆಯ್ಕೆಪಟ್ಟಿ ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಮೊಬೈಲ್ ನೋಡುವುದೇ ನನ್ನ ಉದ್ಯೋಗವಾಯಿತು. ಊಟ ಸೇರುತ್ತಿರಲಿಲ್ಲ, ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದೆ.

ಆ ದಿನಗಳಲ್ಲೇ ಅಪ್ಪ ಇದ್ದಕ್ಕಿದ್ದಂತೆ ಮೆತ್ತಗಾದ. ಸಂಜೆ ಜಗಳೂರಿನಿಂದ ಬರುವಾಗ ನನಗೆಂದು ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಒಂದು ದಿನ, ‘ನಡಿಯವ್ವಾ, ಸಂತೇಬೆನ್ನೂರು ಸಂತೆ ತೋರಿಸ್ತೀನಿ, ನಿನ್ನ ಓದಿಗೆ ಬೇಕಾಗ್ತೈತೆ’ ಎಂದು ಎಬ್ಬಿಸಿದ. ಎರಡು ಬಸ್ಸು ಬದಲಾಯಿಸಿ ಹೋದೆವು. ಹಗ್ಗ ಮಾರುವವರು, ಕುಡುಗೋಲು ಮಾರುವವರು, ಒಣಮೆಣಸಿನಕಾಯಿ ರಾಶಿ ಹಾಕಿ ಕುಂತ ಹೆಂಗಸರು, ಎಲ್ಲರನ್ನೂ ಅವನೇ ಮಾತಾಡಿಸಿ, ‘ನನ್ನ ಮಗಳು ರೀ, ನಿಮ್ಮ ಮ್ಯಾಲೆ ಪುಸ್ತಕ ಬರೀತಾಳೆ’ ಎಂದು ಹೇಳಿದ. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮಧ್ಯಾಹ್ನ ಮಂಡಕ್ಕಿ ತಿನ್ನುತ್ತಾ ಕೇಳಿದ, ‘ಅಲ್ಲವ್ವಾ, ಒಂದ್ಸಲ ಬರೆದೋರು ಮುಂದಿನ ವರ್ಷ ಮತ್ತೆ ಬರಿಯಾಕೆ ಬರ್ತೈತಾ?’

‘ಬರ್ತೈತೆ. ಈಗ್ಯಾಕದು? ಒಳ್ಳೇ ಮಾತಾಡಪ್ಪ’ ಎಂದು ಸಿಡುಕಿದೆ.

‘ಆತು ಬಿಡು’ ಎಂದು ತನ್ನ ಪಾಲಿನ ಮಿರ್ಚಿಯನ್ನೂ ನನ್ನ ಕಡೆ ಸರಿಸಿದ.

ಅದೇ ವಾರ ಒಂದು ಬೆಳಗ್ಗೆ ಚಹಾದ ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡ. ಜಗಳೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ. ಓದಿದ ಹುಡುಗಿ, ಎದೆ ಗಟ್ಟಿ ಎಂದು ಯಾರೋ ಹೊಗಳಿದರು. ಆ ಮಾತು ಕೇಳಿ ಮೈ ಉರಿಯಿತು.

ದಿವಸದ ಕಾರ್ಯ ಮುಗಿದ ಮೇಲೆ ಪಟ್ಟಿ ನೋಡಿದೆ. ನನ್ನ ಹೆಸರಿರಲಿಲ್ಲ. ತಡೆಯಲಾರದೆ ಮೇಡಂಗೆ ಫೋನ್ ಮಾಡಿದೆ.

‘ಯಾಕಮ್ಮ, ನಿಮ್ಮ ತಂದೆ ಹೇಳಲಿಲ್ವಾ?’ ಎಂದರು. ‘ಸಂದರ್ಶನ ಮುಗಿದ ವಾರವೇ ಅವರಿಗೆ ಫೋನ್ ಮಾಡಿ ತಿಳಿಸಿದ್ದೆ. ಆವತ್ತು ಮನೆಗೆ ಬಂದಾಗ ಅವರು ಸೀಟು ಕೇಳಲೇ ಇಲ್ಲ. ಇಲ್ಲ ಅನ್ನೋದಾದ್ರೆ ನನಗೆ ಹೇಳ್ರಿ ಮೇಡಮ್ಮಾರೆ, ಅವಳಿಗೆ ನಾನೇ ಮೆಲ್ಲಗೆ ಹೇಳ್ಕೋತೀನಿ ಅಂದಿದ್ರು.’

ಅಪ್ಪ ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಫೋನ್ ಇಟ್ಟ ಮೇಲೆ ಎಲ್ಲ ಹೊಳೆಯಿತು. ಅಂದರೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳಿಗೆ ನನ್ನ ಪುಸ್ತಕದ ವಿಷಯ ಹೇಳುವಾಗ ಅಪ್ಪನಿಗೆ ಎಲ್ಲ ಗೊತ್ತಿತ್ತು. ಅಷ್ಟು ದೂರ ಕರೆದುಕೊಂಡು ಹೋದದ್ದು ಆ ಸುದ್ದಿ ಹೇಳುವುದಕ್ಕೇ. ಬಾಯಿ ಬರದೆ ವಾಪಸ್ ಕರೆದುಕೊಂಡು ಬಂದ.

ಮರುವರ್ಷ ಮತ್ತೆ ಬರೆದೆ. ಮತ್ತೆ ಸಂತೆಯ ವಿಷಯವನ್ನೇ ಹೇಳಿದೆ. ಈ ಸಲ ಆ ಹೆಂಗಸರ, ಹಗ್ಗದವರ ಮಾತುಗಳೂ ನನ್ನ ಹತ್ತಿರ ಇದ್ದವು. ಒಂದು ಸಂಜೆ ಮೇಡಂ ಫೋನ್ ಬಂತು. ‘ನಿಮ್ಮ ತಾಯಿ ಇದಾರಾ? ಅವರಿಗೆ ಕೊಡಮ್ಮ’ ಎಂದರು.

ಹಿರಿಯರನ್ನು ಕೇಳುತ್ತಿದ್ದಾರೆ ಅಂದರೆ ಮತ್ತೆ ಇಲ್ಲ ಅಂತಲೇ. ಫೋನನ್ನು ಅವ್ವನ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತೆ. ಅವ್ವ ‘ಹೂಂ ರೀ, ಹೂಂ ರೀ’ ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ಸೀಟು ಸಿಕ್ಕತಂತೆ. ಮುಂದಿನ ವಾರ ಬರಾಕೆ ಹೇಳಿದ್ರು.’

‘ಅದನ್ನ ನನಗೇ ಹೇಳ್ಬಹುದಿತ್ತಲ್ಲ?’

‘ಹೋದ್ಸಲ ಕೆಟ್ಟ ಸುದ್ದಿ ಮನೆ ಹಿರಿಯರಿಗೆ ಹೇಳಿದ್ದೆ, ಈ ಸಲ ಒಳ್ಳೇದನ್ನೂ ಹಿರಿಯರಿಗೇ ಹೇಳ್ಬೇಕು ಅನ್ನಿಸ್ತು ಅಂದ್ರವ್ವ.’

ಅವ್ವ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕುಂತಳು. ಆಮೇಲೆ, ‘ನಿಮ್ಮಪ್ಪ ಇದ್ದಿದ್ರೆ ಈ ಹೊತ್ತಿಗೆ ಎಲೆ ಅಡಿಕೆ ತರಾಕೆ ಹೋಗಿರ್ತಿದ್ದ’ ಎಂದಳು. ಅಪ್ಪ ಸತ್ತ ದಿನ ಬಾರದ ಅಳು ಆಗ ಬಂತು.