ಇಣುಕಮ್ಮನ ಕಣ್ಣು ತಪ್ಪಿಸಿದ ಬೆರಳು

ಆಫೀಸಿನಲ್ಲಿ ಅವಳಿಗೆ ಇಣುಕಮ್ಮ ಎಂದೇ ಹೆಸರು. ಬೇರೆಯವರು ಆ್ಯಪ್ ಕಟ್ಟಿದರೆ ಇವಳು ಆ ಆ್ಯಪ್‌ಗಳ ಹೊಟ್ಟೆಯೊಳಗೆ ಕೂರುವ ಪುಟ್ಟ ಸಾಫ್ಟ್‌ವೇರ್ ಕಟ್ಟುತ್ತಿದ್ದಳು. ಯಾರೋ ಒಂದು ಪುಟ ತೆರೆದರು, ಯಾರೋ ಒಂದು ಬಟನ್ ಒತ್ತಿದರು ಎಂದು ವರದಿ ಒಪ್ಪಿಸುವುದೇ ಅದರ ಕಸುಬು. ಫೋನಿನ ಮೇಲೆ ಸೊಳ್ಳೆ ಕುಳಿತರೆ ಮೊದಲು ಊರಿದ್ದು ಎಡಗಾಲೋ ಬಲಗಾಲೋ ಎಂಬುದನ್ನೂ ಅದು ಹೇಳುತ್ತದೆ ಎಂದು ಜೊತೆಯವರು ಆಣೆ ಇಡುತ್ತಿದ್ದರು. ಅವಳೂ ಹಾಗೇ ನಂಬಿದ್ದಳು. ಎಡವಟ್ಟಾದದ್ದು ಅಲ್ಲೇ.

ಆ ಸಲ ಅದನ್ನು ಕೂರಿಸಿದ್ದು ಹೊತ್ತುಹೊತ್ತಿಗೆ ಮಾತ್ರೆ ನೆನಪಿಸುವ ಆ್ಯಪ್‌ನಲ್ಲಿ. ವರದಿ ನೋಡಿದ ಮ್ಯಾನೇಜರ್, “ಮೇಡಂ, ಈ ದೊಡ್ಡಕ್ಷರದ ಪುಟವನ್ನ ಒಂದು ನರಪಿಳ್ಳೆಯೂ ಮುಟ್ಟಿಲ್ಲ. ಕಿತ್ತುಹಾಕೋಣ” ಅಂದ.

ಅವಳಿಗೆ ಅಮ್ಮ ನೆನಪಾದಳು. ಮನೆಯಲ್ಲಿ ಅಮ್ಮನಿಗೆ ಕಣ್ಣು ಮಂಜು, ಮಾತ್ರೆ ನುಂಗುವುದು ಆ ಪುಟ ನೋಡಿಕೊಂಡೇ. ಆ ಪುಟ ಹೋದರೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಮಗಳನ್ನು ಕೇಳಬೇಕು. ಕೇಳುವುದೆಂದರೆ ಅಮ್ಮನಿಗೆ ಪ್ರಾಣಸಂಕಟ.

ಸಂಜೆ ಮನೆಗೆ ಬಂದವಳೇ, “ಅಮ್ಮಾ, ಆ ಆ್ಯಪ್ ಬಿಟ್ಟುಬಿಟ್ಯಾ?” ಎಂದು ಕೇಳಿದಳು.

“ಯಾಕೆ ಬಿಡಲಿ? ನಿನ್ನ ಕೈಲಿ ಮಾತ್ರೆ ಎಣಿಸ್ಕೊಳ್ಳೋ ಗತಿ ಇನ್ನೂ ಬಂದಿಲ್ಲ ಕಣೇ.”

“ಹಾಗಾದ್ರೆ ನನ್ನೆದುರಿಗೇ ಒತ್ತು, ನೋಡೋಣ.”

ಅಮ್ಮ ಆ್ಯಪ್ ತೆರೆದು, ಊಟದ ತಟ್ಟೆಯಷ್ಟಗಲದ ‘ನುಂಗಿದೆ’ ಬಟನ್ ಒಂದೇ ಸಲ ಒತ್ತಿ, ತಕ್ಷಣ ಮೇಲಕ್ಕೆ ತಳ್ಳಿ ಮುಚ್ಚಿಬಿಟ್ಟಳು.

“ಅಷ್ಟು ಅವಸರ ಯಾಕಮ್ಮಾ?”

“ನೀರು ಹಿಡಿದಾದ್ಮೇಲೆ ನಲ್ಲಿ ನಿಲ್ಲಿಸಲ್ವಾ? ಇದೂ ಹಾಗೇ.”

ಇಣುಕಮ್ಮನಿಗೆ ಆಗ ಹೊಳೆಯಿತು. ಬ್ಯಾಟರಿ ಉಳಿಸಲೆಂದು ಅವಳ ಸಾಫ್ಟ್‌ವೇರ್ ಪ್ರತಿ ಒತ್ತನ್ನೂ ಆಗಿಂದಾಗಲೇ ಆಫೀಸಿಗೆ ಕಳಿಸುತ್ತಿರಲಿಲ್ಲ. ಸೀಟು ತುಂಬದೆ ಹೊರಡದ ವ್ಯಾನಿನ ಹಾಗೆ, ಇಪ್ಪತ್ತು ಸೇರುವವರೆಗೆ ಕಾಯುತ್ತಿತ್ತು. ನಡುವೆ ಆ್ಯಪ್ ಮುಚ್ಚಿದರೆ ವ್ಯಾನೂ ಮಾಯ, ಒಳಗೆ ಕುಳಿತವರೂ ಮಾಯ. ಪರೀಕ್ಷೆ ಮಾಡುವಾಗ ತಾನು ಮರಕುಟಿಗನ ಹಾಗೆ ಪಟಪಟನೆ ಒತ್ತಿದ್ದರಿಂದ ವ್ಯಾನು ತುಂಬದ ಮಾತೇ ಬಂದಿರಲಿಲ್ಲ. ಊರವರ ಬೆರಳನ್ನೆಲ್ಲ ಇಣುಕಿ ನೋಡಿದವಳು ಪಕ್ಕದ ಕೋಣೆಯ ಬೆರಳನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಮ್ಯಾನೇಜರ್ ಮುಂದೆ ನಿಂತಳು. “ಸರ್, ಪುಟ ಕೀಳಬೇಡಿ. ಜನ ಮುಟ್ಟಿದ್ದಾರೆ, ನಂಗೆ ಕಾಣಿಸಿಲ್ಲ. ತಪ್ಪು ನಂದು.”

“ಹಾಗಾದ್ರೆ ಇಷ್ಟು ದಿನದ ವರದಿ?”

“ಆ್ಯಪ್‌ನಲ್ಲಿ ಅಡ್ಡಾಡೋರದ್ದು ಸರ್. ಕೆಲಸ ಮುಗಿಸಿ ಹೋಗೋರದ್ದಲ್ಲ.”

ಮ್ಯಾನೇಜರ್ ಆ ವರದಿಯನ್ನು ಎರಡೇ ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟ. “ಸರಿಮಾಡಿ. ಆಮೇಲೆ ನೋಡೋಣ” ಅಂದ.

ಒತ್ತಿದ ಕೂಡಲೇ ಫೋನಿನಲ್ಲೇ ಬರೆದಿಟ್ಟು, ಮುಂದಿನ ಸಲ ಆ್ಯಪ್ ತೆರೆದಾಗ ಕಳಿಸುವ ಹಾಗೆ ಅವಳು ತಿದ್ದಿದಳು. ಹೊಸದು ಜನರ ಕೈ ಸೇರಿದ ಮೇಲೆ ದೊಡ್ಡಕ್ಷರದ ಪುಟದಿಂದ ಒತ್ತುಗಳು ಇರುವೆ ಸಾಲಿನಂತೆ ಬಂದವು. ಪುಟ ಉಳಿಯಿತು.

ಸುದ್ದಿ ಕೇಳಿ ಅಮ್ಮ ಹುಬ್ಬು ಗಂಟಿಕ್ಕಿದಳು. “ನಾನು ಮಾತ್ರೆ ನುಂಗಿದ್ದು ನಿಮ್ಮ ಆಫೀಸಿಗೆಲ್ಲ ಗೊತ್ತಾಗುತ್ತೇನೇ?”

“ಯಾರೋ ನುಂಗಿದ್ರು ಅಂತ ಗೊತ್ತಾಗುತ್ತೆ. ನೀನು ಅಂತ ಗೊತ್ತಾಗಲ್ಲ.”

“ನಿಂಗೆ?”

“ನಂಗೂ ಅಷ್ಟೇ. ನೀನೇ ಹೇಳ್ಬೇಕು.”

ಅಮ್ಮ ಬಟನ್ ಒತ್ತಿದಳು, ಆ್ಯಪ್ ಮುಚ್ಚಿದಳು. ಆಮೇಲೆ, ಯಾರೂ ಕೇಳದಿದ್ದರೂ, “ನುಂಗಿದೆ ಕಣೇ” ಅಂದಳು.