ಆರ್ವಿಲ್ಲನ ಹೆಚ್ಚುವರಿ ಬಿಸಿನೀರು

ಆರ್ವಿಲ್ ಸ್ಟೆನ್ಸ್‌ರುಡ್ ಎಂಬ ಮನುಷ್ಯನ ಬಳಿ ಯಾವುದೂ ಒಂದೇ ಇರುತ್ತಿರಲಿಲ್ಲ. ಕನ್ನಡಕ ಎರಡು, ಟಾರ್ಚು ಎರಡು, ಕಾಫಿ ಕಾಸುವ ಪಾತ್ರೆ ಎರಡು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೂ ಎರಡು. ಒಂದು ಕೈಕೊಟ್ಟರೆ? ಆ 'ಕೈಕೊಟ್ಟರೆ' ಎನ್ನುವುದೊಂದೇ ಅವನು ನಂಬಿದ ಶಾಸ್ತ್ರ. ಮಿನ್ನೆಸೋಟಾದ ಹಿಮದಲ್ಲಿ ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿದವನು. ಆ ಬಸ್ಸಿನಲ್ಲೂ ಎರಡು ಸಲಿಕೆ, ಎರಡು ಹಗ್ಗ, ಎರಡು ಮೂಟೆ ಮರಳು ಇಟ್ಟುಕೊಂಡಿದ್ದ. ಬಸ್ಸು ಒಂದು ದಿನವೂ ಹಿಮದಲ್ಲಿ ಸಿಕ್ಕಿಕೊಳ್ಳಲಿಲ್ಲ, ಅವು ಯಾವುವೂ ಬೇಕಾಗಲಿಲ್ಲ. ಬೇಕಾಗಲಿಲ್ಲವಲ್ಲ, ಅದೇ ತನ್ನ ಮುಂಜಾಗ್ರತೆಯ ಫಲ ಎನ್ನುತ್ತಿದ್ದ. ಇಂಥವರ ಹತ್ತಿರ ವಾದ ಮಾಡುವುದುಂಟೆ!

ನಿವೃತ್ತಿಯಾದ ಮೇಲೆ ಚಳಿಗಾಲ ಬಂತೆಂದರೆ ಹೆಂಡತಿ ಲವೋನಳನ್ನು ಕರೆದುಕೊಂಡು, ಟ್ರೇಲರ್ ಮನೆಯನ್ನು ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು, ಅರಿಜೋನಾದ ಮರುಭೂಮಿಗೆ ಬಂದುಬಿಡುತ್ತಿದ್ದ. ಯೂಮಾ ಊರಾಚೆಯ ಲೇಜಿ ಕ್ವೇಲ್ ಎಂಬ ಟ್ರೇಲರ್ ಪಾರ್ಕಿನಲ್ಲಿ ಒಂದು ಸಾಲಿನ ತುಂಬ ಅವನ ಹಾಗೆಯೇ ಹಿಮಕ್ಕೆ ಬೆನ್ನು ತೋರಿಸಿ ಬಂದವರು. ಬಡಗಣ ಸೀಮೆಯ ಈ ಜನಕ್ಕೆ ಒಂದು ರೋಗವಿದೆ. ಯಾವುದನ್ನೂ ನೇರವಾಗಿ ಹೇಳಲಾರರು. ಮನೆಗೆ ಬೆಂಕಿ ಬಿದ್ದರೂ 'ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ' ಎನ್ನುತ್ತಾರೆಯೇ ಹೊರತು ಓಡಿ ಎನ್ನುವುದಿಲ್ಲ. ಬೇಕು ಎನ್ನುವುದು ಒರಟುತನ, ಬೇಡ ಎನ್ನುವುದು ಅದಕ್ಕಿಂತ ಒರಟುತನ. ಹೀಗೇ ಇದ್ದುಕೊಂಡು ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕರೂ ಆಗುತ್ತಾರೆ. ಹೇಗೆ ಎಂದು ನನ್ನನ್ನು ಕೇಳಬೇಡಿ.

ಆರ್ವಿಲ್ಲನ ಟ್ರೇಲರಿನಲ್ಲಿ ನೀರು ಕಾಯುವುದು ಗ್ಯಾಸಿನ ಗೀಸರಿನಲ್ಲಿ. ಮುಂದುಗಡೆ ಸಿಲಿಂಡರ್ ಎರಡು. ಎರಡಿರಲೇಬೇಕಲ್ಲ! ಒಂದು ಖಾಲಿಯಾದರೆ ಇನ್ನೊಂದು ತಾನಾಗಿಯೇ ಶುರುವಾಗುವಂತೆ ನಡುವೆ ಒಂದು ಯಂತ್ರ. ಅದು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ಮೊದಲನೆಯದು ಖಾಲಿಯಾದದ್ದು ಆರ್ವಿಲ್ಲನಿಗೆ ತಿಳಿಯಲೇ ಇಲ್ಲ. ಎರಡಿದೆ ಎನ್ನುವ ಧೈರ್ಯದಲ್ಲಿ ಹಾಯಾಗಿದ್ದ. ಎರಡನೆಯದು ಖಾಲಿಯಾದಾಗ ಲವೋನ್ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದಳು.

ಒಳಗಿನಿಂದ ಒಂದು ಕೂಗು ಬಂತು. ಆರ್ವಿಲ್ ಹೊರಗೋಡಿ ಸಿಲಿಂಡರ್ ಅಲ್ಲಾಡಿಸಿ ನೋಡಿ, "ಅದ್ಹೆಂಗೆ ಖಾಲಿ ಆಗುತ್ತೆ? ಎರಡಿತ್ತಲ್ಲ!" ಎಂದು ಅಲ್ಲಿಂದಲೇ ಕಿರುಚಿದ. ಬಹಳ ಹೊತ್ತಾದ ಮೇಲೆ ಲವೋನ್ ತಣ್ಣೀರಿನಲ್ಲಿ ತಲೆ ತೊಳೆದುಕೊಂಡು, ತುಟಿ ನೀಲಿಯಾಗಿಸಿಕೊಂಡು ಹೊರಗೆ ಬಂದಳು.

"ಪರವಾಗಿಲ್ಲ ಬಿಡು," ಎಂದಳು.

ಆರ್ವಿಲ್ ಸಿಲಿಂಡರ್ ಬಿಟ್ಟು ಎದ್ದು ನಿಂತ. ಈ ಧ್ವನಿಯಲ್ಲಿ 'ಪರವಾಗಿಲ್ಲ ಬಿಡು' ಬಂದದ್ದು ಇದಕ್ಕೆ ಮುಂಚೆ ಒಂದೇ ಸಲ, ಅವಳನ್ನು ಕೇಳದೆ ಅವಳ ತಾಯಿಯ ಪಿಯಾನೊ ಮಾರಿಬಿಟ್ಟಾಗ. ಆಗ ವರ್ಷಪೂರ್ತಿ ಮನೆಯಲ್ಲಿ ಬರೀ ಹವಾಮಾನದ ಮಾತು. ಈ ಸಲ ಅವಳು ಇನ್ನೂ ಒಂದು ಮಾತು ಸೇರಿಸಿದಳು:

"ಮೀಸಾದಲ್ಲಿ ಅರ್ಡಿಸ್ ಮನೇಲಿ ಒಂದು ರೂಮು ಸುಮ್ನೆ ಬಿದ್ದಿದೆ. ಬಚ್ಚಲಲ್ಲಿ ದೊಡ್ಡ ತೊಟ್ಟೀನೂ ಇದೆ. ಶನಿವಾರ ಅವಳು ಈ ಕಡೆ ಬರೋಳಿದಾಳೆ. ಹೋದ್ರೂ ಹೋದೆ."

ಅರ್ಡಿಸ್ ಎಂದರೆ ಅವಳ ಅಕ್ಕ, ಮೀಸಾ ಅರಿಜೋನಾದಲ್ಲೇ ಇನ್ನೊಂದು ಊರು. 'ಹೋದ್ರೂ ಹೋದೆ' ಎಂದರೆ ಬಡಗಣ ಭಾಷೆಯಲ್ಲಿ ಪೆಟ್ಟಿಗೆ ಕಟ್ಟಿಯಾಯಿತು, ಇನ್ನು ನೀನುಂಟು ನಿನ್ನ ಟ್ರೇಲರುಂಟು ಎಂದರ್ಥ. ಹೋದರೆ ಅವಳು ವಾಪಸು ಬರುವವಳಲ್ಲ. ಅದು ಆರ್ವಿಲ್ಲನಿಗೆ ಚೆನ್ನಾಗಿ ಗೊತ್ತು. ಹೆಂಡತಿಯಿಲ್ಲದ ಟ್ರೇಲರಿನಲ್ಲಿ ಎರಡು ಕಾಫಿ ಪಾತ್ರೆ ಇಟ್ಟುಕೊಂಡು ಏನು ಮಾಡುವುದು? ಆ ದಿನ ಊಟವೂ ಸೇರಲಿಲ್ಲ.

ಬೇರೆ ಯಾವ ಗಂಡಸಾದರೂ ಏನು ಮಾಡುತ್ತಿದ್ದ? ಹತ್ತಿರ ಹೋಗಿ, ತಪ್ಪಾಯ್ತು ಮಾರಾಯ್ತಿ, ಹೋಗಬೇಡ ಎನ್ನುತ್ತಿದ್ದ. ಆರ್ವಿಲ್ ಪೇಟೆಗೆ ಹೋದ. ಸಿಲಿಂಡರ್ ಎರಡನ್ನೂ ತುಂಬಿಸಿಕೊಂಡ. ಅಷ್ಟಕ್ಕೇ ಮುಗಿಯುತ್ತಿತ್ತು. ಅಷ್ಟಕ್ಕೇ ಮುಗಿಸಿದರೆ ಅವನು ಆರ್ವಿಲ್ ಹೇಗಾದಾನು! ಗ್ಯಾಸು ಕೈಕೊಟ್ಟರೆ ಕರೆಂಟು ಇರಲಿ ಎಂದು ಒಂದು ಎಲೆಕ್ಟ್ರಿಕ್ ಕಾಯಿಲ್ ಕೊಂಡುಕೊಂಡ. ಗೀಸರಿನ ತಳದಲ್ಲಿ ನೀರು ಖಾಲಿ ಮಾಡುವ ಬಿರಡೆ ಇದೆಯಲ್ಲ, ಅದನ್ನು ಬಿಚ್ಚಿ, ಅದೇ ತೂತಿಗೆ ಈ ಕಾಯಿಲನ್ನು ತಿರುಗಿಸಿ ಕೂರಿಸುವುದು. ಶುಕ್ರವಾರದೊಳಗೆ ಬಿಸಿನೀರು ಉಕ್ಕಿಸಿ ತೋರಿಸಿದರೆ ಶನಿವಾರ ಲವೋನ್ ಹೋಗಲಾರಳು ಎಂಬುದು ಅವನ ಲೆಕ್ಕ.

ಶುಕ್ರವಾರ ಮಧ್ಯಾಹ್ನ ಅವನು ಟ್ರೇಲರಿನ ಪಕ್ಕದ ಮುಚ್ಚಳ ತೆಗೆದು ಸ್ಪ್ಯಾನರ್ ಹಿಡಿದದ್ದೇ ತಡ, ಸಾಲಿನವರೆಲ್ಲ ಮಡಚುವ ಕುರ್ಚಿ ಎತ್ತಿಕೊಂಡು ಬಂದರು. ಪಾರ್ಕಿನ ಸಂಪ್ರದಾಯವೇ ಹಾಗೆ. ಎಲ್ಲಿ ಒಂದು ಮುಚ್ಚಳ ತೆರೆಯಿತೋ ಅಲ್ಲಿ ಸಭೆ. ಕೂತು ನೋಡಬಹುದು, ಮಾತಾಡಬಹುದು. ಆದರೆ ಇನ್ನೊಬ್ಬನ ಟ್ರೇಲರಿಗೆ ಕೈ ಹಚ್ಚುವಂತಿಲ್ಲ. ಅದು ಅವನ ಹೆಂಡತಿಗೆ ಕೈ ಹಚ್ಚಿದಷ್ಟೇ ತಪ್ಪು.

"ಕರೆಂಟಿನ ಕೆಲ್ಸಾನಾ?" ಎಂದ ಲೈಲ್. ಇವನು ಒಂದು ಕಾಲದಲ್ಲಿ ಒಬ್ಬ ಎಲೆಕ್ಟ್ರೀಷಿಯನ್ನಿನ ಪಕ್ಕದ ಮನೆಯಲ್ಲಿದ್ದವನು. ಆ ಒಂದು ಯೋಗ್ಯತೆಯ ಮೇಲೆ ಸಾಲಿನ ವಿದ್ಯುತ್ ಇಲಾಖೆ ಇವನದೇ. "ಏನೂ ಹೆದರ್ಬೇಡ ಕಣಯ್ಯ, ನಾನಿದೀನಿ."

"ನೀನಿರೋದೇ ಅವನ ಹೆದರಿಕೆ," ಎಂದಳು ಎದುರು ಟ್ರೇಲರಿನ ಕಾರ್ಲೀನ್, ಮಡಿಲಿನಲ್ಲಿ ತನ್ನ ನಾಯಿಮರಿಯನ್ನು ಕೂರಿಸಿಕೊಳ್ಳುತ್ತ. ಅವಳು ಗಂಡ ಸತ್ತ ಮೇಲೂ ಟ್ರೇಲರ್ ಬಿಡದೆ ತಾನೇ ಎಳೆದುಕೊಂಡು ಬರುವ ಗಟ್ಟಿಗಿತ್ತಿ.

ಬಿರಡೆ ಬಿಚ್ಚುವ ಮುಂಚೆ ಆರ್ವಿಲ್ ಟ್ರೇಲರಿನೊಳಗೆ ಹೋಗಿ, ಗೀಸರಿನ ಹಿಂದಿರುವ ವಾಲ್ವುಗಳನ್ನು ತಿರುಗಿಸಿ ಬಂದ. ಈ ವಾಲ್ವು ಬಡಗಣವರಿಗೆ ಬಹಳ ಬೇಕಾದದ್ದು. ಚಳಿಗಾಲಕ್ಕೆ ಪೈಪಿನಲ್ಲಿ ಹಿಮ ಕಟ್ಟದಿರಲೆಂದು ಔಷಧ ತುಂಬುವಾಗ, ಅದು ಗೀಸರಿನೊಳಗೆ ನುಗ್ಗದ ಹಾಗೆ ದಾರಿ ತಪ್ಪಿಸುವುದೇ ಇದು. ತಿರುಗಿಸಿಟ್ಟರೆ ನೀರು ಗೀಸರಿನ ಹೊರಗಿನಿಂದಲೇ ಬಳಸಿಕೊಂಡು ನೇರ ನಲ್ಲಿಗೆ ಹೋಗುತ್ತದೆ. ಪ್ರತಿ ವರ್ಷ ತಿರುಗಿಸಿ ತಿರುಗಿಸಿ ಆ ಕೆಲಸ ಇವರ ಕೈಗೇ ಬಾಯಿಪಾಠ, ತಲೆಗೆ ಗೊತ್ತಾಗುವುದೇ ಬೇಡ.

ಬಿರಡೆ ಬಂತು, ಗೀಸರಿನ ನೀರೆಲ್ಲ ದಬದಬ ಸುರಿದು ಮರಳಿನಲ್ಲಿ ಇಂಗಿತು. ಕಾಯಿಲ್ ಕೂತಿತು, ವೈರು ಸೇರಿತು. ಆರ್ವಿಲ್ ಕೈ ಒರೆಸಿಕೊಂಡ. ಕಿಟಕಿಯ ಹತ್ತಿರವೇ ಕುರ್ಚಿ ಹಾಕಿಕೊಂಡಿದ್ದ ಗಾರ್ಥ್ ಒಳಗೊಮ್ಮೆ ಇಣುಕಿ ನೋಡಿದ. ಬಡಗಣ ತುದಿಯ ಸಸ್ಕ್ಯಾಚುವಾನಿನಲ್ಲಿ ಗೋಧಿ ಬೆಳೆಯುವ ಮನುಷ್ಯ, ಸಾಲಿನಲ್ಲೇ ಅತ್ಯಂತ ಸಭ್ಯ. ವಾಲ್ವು ಇನ್ನೂ ತಿರುಗಿಸಿದ ಹಾಗೇ ಇರುವುದು ಅವನ ಕಣ್ಣಿಗೆ ಬಿತ್ತು. ಗಂಟಲು ಸರಿಮಾಡಿಕೊಂಡ.

"ನಮ್ಮ ಕಡೆ ಒಬ್ಬ ಇದ್ದ, ಆರ್ವಿಲ್. ಕೆಲ್ಸ ಮುಗಿದ್ಮೇಲೆ ವಾಲ್ವ್ ವಾಪಸ್ ತಿರುಗಿಸ್ತಿದ್ದ."

"ಹೌದಾ?" ಎಂದ ಆರ್ವಿಲ್. "ಒಬ್ಬೊಬ್ಬರದು ಒಂದೊಂದು ಅಭ್ಯಾಸ."

"ಅದೇ ಅದೇ," ಎಂದು ಗಾರ್ಥ್ ಸುಮ್ಮನಾದ. ಇದಕ್ಕಿಂತ ಬಿಡಿಸಿ ಹೇಳಿದರೆ ಅದು ಬೈಗುಳವಾಗುತ್ತಿತ್ತು.

ಸಂಜೆಯ ಚಳಿ ಇಳಿಯುವ ಹೊತ್ತಿಗೆ ಆರ್ವಿಲ್ ಸ್ವಿಚ್ಚು ಒತ್ತಿದ. ಸಾಲಿಗೆ ಸಾಲೇ ಕರೆಂಟು ಹೋಯಿತು. ಹಳೇ ವೈರಿಂಗು ನೋಡಿ, ಅಷ್ಟೂ ಟ್ರೇಲರಿನ ಹೀಟರು, ಟಿವಿ, ಒಲೆಗಳ ಮೇಲೆ ಇದನ್ನೂ ಹೊರಲಾರೆ ಎಂದು ಕೈಚೆಲ್ಲಿತು. ಪಾರ್ಕಿನ ಮೇಲ್ವಿಚಾರಕ ಬಂದು ಸರಿಮಾಡಿ, "ಈ ಕಾಯಿಲ್ ಇರ್ಬೇಕು, ಇಲ್ಲಾ ಈ ಸಾಲು ಇರ್ಬೇಕು. ನೀವೇ ನೋಡ್ಕೊಳಿ," ಎಂದು ಹೇಳಿ ಹೋದ.

ಆರ್ವಿಲ್ ತಲೆ ಮೇಲೆ ಕೈ ಹೊತ್ತು ಕೂತ. ಅವನ ಮುಖ ನೋಡಲಾಗಲಿಲ್ಲ. ಲವೋನ್ ಹೊರಡುವ ಸುದ್ದಿ ಎಲ್ಲರಿಗೂ ಗೊತ್ತು, ಯಾರೂ ಅದರ ಹೆಸರೆತ್ತುವಂತಿಲ್ಲ. ಕೊನೆಗೆ ಕಾರ್ಲೀನ್ ಎದ್ದಳು.

"ನನಗೇನೋ ಇವತ್ತು ಸೆಖೆ ಅನಿಸ್ತಿದೆಯಪ್ಪ. ಹೀಟರ್ ಆರಿಸಿಬಿಡ್ತೀನಿ," ಎಂದಳು, ಚಳಿಗೆ ಹಲ್ಲು ಕಟಕಟಿಸುತ್ತ.

"ನನಗೂ ಟಿವಿ ನೋಡಿ ನೋಡಿ ಕಣ್ಣುರಿ," ಎಂದ ಗಾರ್ಥ್.

ಹೀಗೆ ಒಬ್ಬೊಬ್ಬರಿಗೂ ಒಂದೊಂದು ನೆಪ ಹೊಳೆದು, ಇಡೀ ಸಾಲು ತನ್ನ ಕರೆಂಟನ್ನು ತಾನೇ ಆರಿಸಿಕೊಂಡಿತು. ಕಂಬಳಿ ಹೊದ್ದು, ತಣ್ಣನೆಯ ಬೀನ್ಸನ್ನು ಡಬ್ಬಿಯಿಂದಲೇ ತಿನ್ನುತ್ತ, ಆರ್ವಿಲ್ಲನ ಗೀಸರಿನ ಎದುರು ಕುರ್ಚಿ ಹಾಕಿಕೊಂಡು ಕೂತರು. ಲವೋನಳ ಸ್ನಾನಕ್ಕಾಗಿ ಇಷ್ಟು ಜನ! ಹೆರಿಗೆ ಆಸ್ಪತ್ರೆಯ ಹೊರಗೂ ಇಷ್ಟು ಜನ ಕಾಯುವುದಿಲ್ಲ.

ಆರ್ವಿಲ್ ಮತ್ತೆ ಸ್ವಿಚ್ಚು ಒತ್ತಿದ ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ಯಾರೂ ಮಾತಾಡಲಿಲ್ಲ. ಇನ್ನೊಬ್ಬರ ಮನೆಯ ವಾಸನೆಯ ಬಗ್ಗೆ ಮಾತಾಡುತ್ತಾರೆಯೇ?

"ಹೊಸ ಕಾಯಿಲ್ ಮೊದಮೊದಲು ಹಾಗೇ," ಎಂದ ಲೈಲ್. "ಅದು ಒಳ್ಳೇ ವಾಸನೆ."

ಬೇಕಾದಷ್ಟು ಕಾದ ಮೇಲೆ ಆರ್ವಿಲ್ ಬಾಗಿಲ ಬಳಿ ಹೋಗಿ ನಿಂತ. "ಲವೋನ್, ನೀರು... ನಿನಗೆ ಮನಸ್ಸಿದ್ರೆ... ಇದೆ," ಎಂದ. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಕತ್ತಲಾಗುತ್ತಿರುವ ಸಾಲು, ಕಂಬಳಿ ಹೊದ್ದ ಅಷ್ಟೂ ತಲೆ. ಟವೆಲು ತೆಗೆದುಕೊಂಡು ಬಚ್ಚಲಿಗೆ ಹೋದಳು.

ಹೊರಗಡೆ ನೀರಿನ ಪೈಪು ದಿನವಿಡೀ ಬಿಸಿಲಿನಲ್ಲಿ ಬಿದ್ದಿತ್ತು. ಅದರಲ್ಲಿದ್ದ ನೀರು ಬೆಚ್ಚಗೆ ಬಂತು. ಲವೋನ್ ತಲೆ ನೆನೆಸಿ, ಕೈತುಂಬ ಸೋಪು ಸುರಿದುಕೊಂಡು, ಗಸಗಸ ಉಜ್ಜಿದಳು. ಆಮೇಲೆ ಬಂದದ್ದು ನೆಲದಡಿಯ ನೀರು, ಮಂಜುಗಡ್ಡೆ! ಒಳಗಿನಿಂದ ಎದ್ದ ಕೂಗಿಗೆ ಕಾರ್ಲೀನಳ ನಾಯಿ ಮಡಿಲಿನಿಂದ ಹಾರಿಬಿತ್ತು.

ಬಾಗಿಲು ಧಡಾರನೆ ತೆರೆಯಿತು. ಲವೋನ್ ಆರ್ವಿಲ್ಲನ ಹಳೇ ಕೋಟು ಸುತ್ತಿಕೊಂಡು, ತಲೆ ಮೇಲೆ ನೊರೆಯ ಗುಡ್ಡೆ ಹೊತ್ತುಕೊಂಡು, ಒಂದು ಕಣ್ಣು ಮುಚ್ಚಿ ನಿಂತಿದ್ದಳು.

"ವಾಲ್ವ್," ಎಂದ ಗಾರ್ಥ್, ತಡೆಯಲಾರದೆ. "ವಾಪಸ್ ತಿರುಗಿಸ್ಲಿಲ್ಲ. ಗೀಸರ್‌ಗೆ ನೀರೇ ಹೋಗಿಲ್ಲ. ಕಾಯಿಲ್ ಖಾಲಿ ಗೀಸರಲ್ಲಿ ಸುಟ್ಟುಹೋಯ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?" ಎಂದು ಆರ್ವಿಲ್ ಬಾಯಿ ಬಿಟ್ಟ.

"ಹೇಳ್ದೆನಲ್ಲ! ನಮ್ಮ ಕಡೆ ಒಬ್ಬ ಇದ್ದ ಅಂತ..."

"ನಿಮ್ಮ ಜನ್ಮಕ್ಕಿಷ್ಟು!" ಲವೋನಳ ದನಿ ಸಾಲಿನ ಆ ತುದಿಗೆ ಕೇಳಿಸಿತು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. "ಬಾಯಿ ಇರೋದು ಯಾತಕ್ಕೆ? ಒಬ್ಬ ಇದ್ದನಂತೆ, ಒಬ್ಬ! ಮತ್ತೆ ನೀನು, ಆರ್ವಿಲ್! ಅವತ್ತು ಕಣ್ಣಿಗೆ ಸೋಪು ಹೋಗಿ ಕೂಗಿದ್ರೆ ಸಿಲಿಂಡರ್ ನೋಡೋಕೆ ಓಡಿದೆಯಲ್ಲ, ಒಂದು ಟವೆಲ್ ಕೊಟ್ಯಾ? ನನಗೆ ಬೇಕಾಗಿದ್ದು ಕಾಯಿಲ್ ಅಲ್ಲ ಕಣೋ! ಯಾರಿಗೆ ಬೇಕು ನಿನ್ನ ಕಾಯಿಲ್ಲು!"

ಸಾಲಿನ ಗಂಡಸರೆಲ್ಲ ತಮ್ಮ ಬೂಟು ನೋಡಿಕೊಂಡರು. ಆರ್ವಿಲ್ ಕೈಯಲ್ಲಿದ್ದ ಸ್ಪ್ಯಾನರನ್ನು ಎಲ್ಲಿಡುವುದೆಂದು ಗೊತ್ತಾಗದೆ ಲೈಲ್‌ನ ಮಡಿಲಿನಲ್ಲಿಟ್ಟ. ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ಮಾತು ಬಂತು.

"ಹೋಗ್ಬೇಡ, ಲವೋನ್. ನೀನು ಹೋದ್ರೆ ನನಗೆ ಆಗಲ್ಲ. ಒಬ್ಬನೇ ಇರೋಕೆ ಹೆದರಿಕೆ ಆಗುತ್ತೆ ನನಗೆ. ಇಷ್ಟೇ, ಇನ್ನೇನೂ ಇಲ್ಲ."

ಎಲ್ಲರೆದುರಿಗೆ! ಗಾರ್ಥ್ ಕಂಬಳಿಯನ್ನು ಮುಖಕ್ಕೆ ಎಳೆದುಕೊಂಡ. ಕಾರ್ಲೀನ್ ಮೂಗು ಒರೆಸಿಕೊಂಡಳು. ಲವೋನ್ ತೆರೆದಿದ್ದ ಒಂದು ಕಣ್ಣಿನಿಂದ ಗಂಡನನ್ನು ನೋಡುತ್ತಲೇ ಇದ್ದಳು.

"ಇಷ್ಟು ಹೇಳೋಕೆ ಇಡೀ ಸಾಲಿನ ಕರೆಂಟ್ ತೆಗಿಸ್ಬೇಕಾಗಿತ್ತಾ?" ಎಂದಳು. ಆಮೇಲೆ ಮೆಟ್ಟಿಲು ಇಳಿದು ಬಂದು ಲೈಲ್‌ನನ್ನು ಎಬ್ಬಿಸಿ, ಅವನ ಕುರ್ಚಿಯಲ್ಲಿ ಕೂತು, ಕುತ್ತಿಗೆ ಹಿಂದಕ್ಕೆ ಚಾಚಿದಳು. "ನೋಡ್ತಾ ನಿಂತಿದೀರಲ್ಲ. ಯಾರ ಮನೇಲಾದ್ರೂ ಒಂದು ಕೆಟಲ್ ನೀರು ಕಾಯಿಸಿ. ಕಣ್ಣು ಉರೀತಿದೆ!"

ಜನ ಎದ್ದು ಓಡಿದರು. ಸಾಲಿನಲ್ಲಿ ಒಂದೊಂದೇ ದೀಪ ಹೊತ್ತಿತು. ಮೊದಲ ಕೆಟಲ್ ಕಾರ್ಲೀನಳದು. ಆರ್ವಿಲ್ ಅದಕ್ಕೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಹೆಂಡತಿಯ ಹಣೆಗೆ ಅಂಗೈ ಅಡ್ಡ ಹಿಡಿದು, ಸಣ್ಣಗೆ ಸುರಿಯತೊಡಗಿದ.

"ನಿಧಾನ. ಕಿವಿಗೆ ಹೋಗ್ತಿದೆ."

"ಬಿಸಿ ಸಾಕಾ?"

"ಸಾಕು."

ಕೆಟಲಿನಲ್ಲಿ ಅರ್ಧ ನೀರು ಮುಗಿಯಿತು. ಆಮೇಲೆ ಕೇಳಬೇಕಾದದ್ದನ್ನು ಕೇಳಿಯೇಬಿಟ್ಟ.

"ನಾಳೆ ಅರ್ಡಿಸ್ ಬಂದ್ರೆ?"

"ಬಂದ್ರೆ ಅವಳಿಗೂ ಒಂದು ಕುರ್ಚಿ ಹಾಕು," ಎಂದಳು ಲವೋನ್, ಕಣ್ಣು ಮುಚ್ಚಿಕೊಂಡು. "ಈ ಕಡೆ ಇನ್ನೂ ನೊರೆ ಇದೆ ನೋಡು."