ಹಾಲು ಹಾಕದ ಬಿಸ್ಕೀಟು

ತೊಂಬತ್ತರ ದಶಕದ ಕೊನೆಗೆ ಅಮ್ಮಮ್ಮನ ಜೊತೆ ಕಾಶಿಗೆ ಹೋಗುವವಳು ನಾನೇ ಎಂದು ಮನೆಯಲ್ಲಿ ತೀರ್ಮಾನವಾದ ದಿನದಿಂದ ನನ್ನ ನಿದ್ದೆ ಕೆಟ್ಟಿತು. ಸಿರಸಿಯಿಂದ ಯಾತ್ರೆಯ ಬಸ್ಸು, ಹದಿನಾರು ದಿನ. ಹೊರಗೆ ಬೇಯಿಸಿದ್ದನ್ನು ಅವಳು ಮುಟ್ಟುವುದಿಲ್ಲ. ಹಿಂದಿನ ವರ್ಷ ತಿರುಪತಿಗೆ ಹೋದವಳು ಬರೀ ಬಾಳೆಹಣ್ಣು ತಿಂದು ಮೂರನೇ ದಿನ ತಲೆ ಸುತ್ತಿ ಬಿದ್ದಿದ್ದಳು.

ಗೋಧಿಹಿಟ್ಟು, ಉಪ್ಪು, ನೀರು. ಗಟ್ಟಿಯಾಗಿ ನಾದಿ, ಲಟ್ಟಿಸಿ, ಉಬ್ಬದಂತೆ ಕಡ್ಡಿಯಿಂದ ಚುಚ್ಚಿ, ಎರಡು ಸಲ ಸುಟ್ಟು ಒಣಗಿಸಿದರೆ ತಿಂಗಳುಗಟ್ಟಲೆ ಇರುವ ಬಿಸ್ಕೀಟು ಆಗುತ್ತದೆಂದು ಎಲ್ಲೋ ಓದಿದ್ದೆ. ಆದರೆ ನೀರಿನಲ್ಲಿ ಕಲಸಿ ಸುಟ್ಟದ್ದು ಅಮ್ಮಮ್ಮನಿಗೆ ಮುಸುರೆ, ಅನ್ನದ ಹಾಗೆ ಮೈಲಿಗೆ ತಾಗುವಂಥದ್ದು, ಪ್ರಯಾಣಕ್ಕೆ ಸಲ್ಲದು.

"ಹಾಲಲ್ಲಿ ಕಲಸೇ ಕೂಸೆ. ನೀರು ತಾಗಿದ್ದು ಎಂಗೆ ಆಗ್ತಿಲ್ಲೆ" ಎಂದಳು.

ಹಾಲಿನಲ್ಲಿ ಒಮ್ಮೆ ಮಾಡಿ ನೋಡಿದೆ. ನಾಲ್ಕೇ ದಿನಕ್ಕೆ ಹುಳಿ ವಾಸನೆ. ಹೇಳಿದರೂ ಕೇಳಲಿಲ್ಲ. ನನಗೋ ರೇಗಿಹೋಯಿತು. ಅವಳು ದೇವರ ಪೂಜೆಗೆ ಕೂತಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನೀರಿನಲ್ಲೇ ಹಿಟ್ಟು ಕಲಸಿದೆ. ಕಲಸಲೆಂದು ಅವಳು ಇಟ್ಟುಹೋಗಿದ್ದ ತಂಬಿಗೆಯ ಹಾಲನ್ನು ಏನು ಮಾಡುವುದೆಂದು ತೋಚದೆ ನಿಂತಲ್ಲೇ ಗಟಗಟ ಕುಡಿದುಬಿಟ್ಟೆ. ಅಷ್ಟರಲ್ಲಿ ಅವಳು ಒಳಗೆ ಬಂದಳು. ಹಿಟ್ಟಿನ ಪರಾತ ನೋಡಿದಳು, ನನ್ನ ಮುಖ ನೋಡಿದಳು, ಹೋದಳು.

ಹದಿನಾರು ದಿನವೂ ಅವಳು ಒಂದೊಂದು ತುಂಡನ್ನೂ ಬಾಯಲ್ಲಿ ನೆನೆಸಿ ನಿಧಾನಕ್ಕೆ ತಿನ್ನುವಾಗ ಇವತ್ತು ಗೊತ್ತಾಯಿತು, ಇವತ್ತು ಉಗುಳಿದಳು ಎಂದು ಕಾಯುತ್ತಿದ್ದೆ. ಗಂಗೆಯಲ್ಲಿ ಅವಳ ಕೈ ಹಿಡಿದು ಮುಳುಗು ಹಾಕುವಾಗಲೂ ತಲೆಯಲ್ಲಿ ಅದೇ. ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ! ಹೇಳಿದರೆ ಉಪವಾಸ ಬೀಳುತ್ತಾಳೆಂಬ ಹೆದರಿಕೆ.

ಅವಳು ಗಟ್ಟಿಯಾಗಿಯೇ ಊರಿಗೆ ಬಂದಳು. ಬಂದವಳು ಸುಮ್ಮನಿರಬೇಕಲ್ಲ, ನಮ್ಮೂರು ಹೆಗ್ಗರಣೆಯ ತುಂಬ ನನ್ನ ಹಾಲಿನ ಬಿಸ್ಕೀಟನ್ನು ಹೊಗಳಿದಳು. ಪಕ್ಕದ ಮನೆ ಅತ್ತೆ ತನ್ನ ಯಾತ್ರೆಗೆಂದು ಕಲಿಯಲು ಬಂದಾಗ ಅಮ್ಮಮ್ಮ ಎದುರಿಗೇ ಕೂತಿದ್ದಳು. ನಾನು ತಲೆ ತಗ್ಗಿಸಿ "ಹಾಲಲ್ಲಿ ಕಲಸವು" ಎಂದೆ. ಅತ್ತೆ ಹಾಗೆಯೇ ಹಾಲು ಹಾಕಿ ಎರಡು ಡಬ್ಬಿ ಮಾಡಿಟ್ಟಳು. ಹೊರಡುವ ಮೊದಲೇ ಹಳಸಿ, ಎಲ್ಲವೂ ದನಕ್ಕೆ ಹೋಯಿತು.

ಸುದ್ದಿ ಕೇಳಿ ಅಮ್ಮಮ್ಮ ಅಡಕೆ ಕತ್ತರಿಸುತ್ತಲೇ ಹೇಳಿದಳು:

"ಪಾಪ, ಅತ್ತೆಗಾದ್ರೂ ನೀರಲ್ಲಿ ಕಲಸು ಹೇಳಿ ನೀ ಹೇಳಕಾಗಿತ್ತು."

"ನಿಂಗೆ ಗೊತ್ತಿತ್ತಾ?"

"ಅವತ್ತು ಹಾಲಿನ ಮೀಸೆ ಒರೆಸ್ಕಳದೇ ನಿಂತಿದ್ಯಲೇ" ಎಂದಳು.